ದುಭಾಷಿಯ ಮೊಮ್ಮಗ ಹತ್ತು ಸಲ ದೊರೆಯಾದ ಕಥೆ

ಪ್ರಶ್ನೆ: ಈಚೆಗೆ ರೊಮೇನಿಯಾ ನೋಡಿಕೊಂಡು ಬಂದೆ. ಬುಖಾರೆಸ್ಟ್‌ನಲ್ಲಿ ನಮ್ಮ ಗೈಡ್ ಹೇಳಿದ ಒಂದು ಮಾತು ತಲೆಯಲ್ಲೇ ಉಳಿದಿದೆ. ಆ ನಾಡನ್ನು ನೂರು ವರ್ಷ ಗ್ರೀಕ್ ರಾಜಕುಮಾರರು ಆಳಿದರಂತೆ, ಅದೂ ತುರ್ಕಿ ಸುಲ್ತಾನನ ಪರವಾಗಿ. ಕ್ರೈಸ್ತ ಗ್ರೀಕರು ಮುಸ್ಲಿಂ ಸಾಮ್ರಾಜ್ಯದಲ್ಲಿ ದೊರೆಗಳಾಗಿದ್ದು ಹೇಗೆ? ಬ್ರಿಟಿಷರ ಕೈಕೆಳಗೆ ನಮ್ಮ ಮೈಸೂರು ಮಹಾರಾಜರು ಇದ್ದರಲ್ಲ, ಹಾಗೆಯೇ? ಅವರ ಬದುಕು ಹೇಗಿತ್ತು? ‘ಫನಾರಿಯೋಟ್’ ಅನ್ನುವಾಗ ಗೈಡ್ ಮುಖ ಕಿವುಚಿದ್ದು ಯಾಕೆ?

ಉತ್ತರ: ಮೈಸೂರಿನ ಹೋಲಿಕೆ ಅರ್ಧ ಸರಿ. 1799ರ ನಂತರ ಮೈಸೂರು ಬ್ರಿಟಿಷ್ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಪೊಗದಿ, ಅಂದರೆ ಕಪ್ಪ, ಕಟ್ಟುತ್ತಿತ್ತು. ಈ ಗ್ರೀಕರೂ ಸುಲ್ತಾನನಿಗೆ ಪೊಗದಿ ಕಟ್ಟುತ್ತಿದ್ದರು. ಹೊರದೇಶದ ಜೊತೆ ಸ್ವಂತ ಒಪ್ಪಂದ ಮಾಡಿಕೊಳ್ಳುವ ಹಕ್ಕು ಇಬ್ಬರಿಗೂ ಇರಲಿಲ್ಲ. ಆದರೆ ಮೈಸೂರಿನ ಗಾದಿ ಒಂದೇ ಮನೆತನದ್ದು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರೂ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲೇ ಉಳಿದರು. 1881ರಲ್ಲಿ ಅದೇ ಮನೆಗೆ ರಾಜ್ಯ ವಾಪಸ್ ಬಂತು. ಗ್ರೀಕ್ ದೊರೆಗೆ ಅಂಥ ಭರವಸೆ ಯಾವುದೂ ಇರಲಿಲ್ಲ. ಇವತ್ತು ಸಿಂಹಾಸನ, ನಾಳೆ ಜೈಲು, ನಾಡಿದ್ದು ಮತ್ತೆ ಸಿಂಹಾಸನ. ಹೋಲಿಕೆ ಬೇಕೇ ಬೇಕು ಅಂದರೆ ನಮ್ಮಲ್ಲಿ ಹಿಂದೆ ನಡೆಯುತ್ತಿದ್ದ ಸಾರಾಯಿ ಹರಾಜು ನೆನಪಿಸಿಕೊಳ್ಳಿ. ಸಾಲ ಮಾಡಿ ಕೂಗಬೇಕು, ಗುತ್ತಿಗೆ ಹಿಡಿಯಬೇಕು, ಅವಧಿ ಮುಗಿಯುವುದರೊಳಗೆ ಹಾಕಿದ ದುಡ್ಡು ಎತ್ತಬೇಕು. ಇಲ್ಲಿ ಹರಾಜಾಗುತ್ತಿದ್ದದ್ದು ಒಂದು ಇಡೀ ನಾಡು, ಅಷ್ಟೇ.

ನಿಜ ಹೇಳಬೇಕೆಂದರೆ ಎರಡು ನಾಡು. ದಕ್ಷಿಣದಲ್ಲಿ ವಲಾಕಿಯಾ, ಅದರ ರಾಜಧಾನಿ ಬುಖಾರೆಸ್ಟ್. ಉತ್ತರದಲ್ಲಿ ಮೊಲ್ಡಾವಿಯಾ, ಅದರ ರಾಜಧಾನಿ ಯಾಶಿ. ಎರಡೂ ಡ್ಯಾನ್ಯೂಬ್ ನದಿಯಾಚೆಯ ಕ್ರೈಸ್ತ ರಾಜ್ಯಗಳು. ಜನ ರೊಮೇನಿಯನ್ ಭಾಷೆಯವರು. ಒಟ್ಟೊಮನ್ನರು, ಅಂದರೆ ಸುಲ್ತಾನನ ತುರ್ಕರು, ಇವನ್ನು ನೇರವಾಗಿ ತಮ್ಮ ಪ್ರಾಂತ್ಯ ಮಾಡಿಕೊಳ್ಳಲಿಲ್ಲ. ಪೊಗದಿ ಬರಲಿ, ಇಸ್ತಾಂಬುಲ್‌ಗೆ ಗೋಧಿ, ಕುರಿ, ಜೇನು, ಬೆಣ್ಣೆ, ಮರಮುಟ್ಟು ಬರಲಿ, ದೊರೆ ನಾವು ಹೇಳಿದವನಾಗಿರಲಿ, ಅಷ್ಟು ಸಾಕು ಎಂದು ಬಿಟ್ಟಿದ್ದರು. ಅಲ್ಲಿ ಮಸೀದಿ ಕಟ್ಟುವುದಕ್ಕೂ ಮುಸ್ಲಿಮರು ಹೋಗಿ ನೆಲೆಸುವುದಕ್ಕೂ ಅವಕಾಶ ಇರಲಿಲ್ಲ. ನದಿ ದಂಡೆಯ ಜುರ್ಜು, ಬ್ರೈಲಾದಂಥ ಕೋಟೆಗಳಲ್ಲಿ ಮಾತ್ರ ತುರ್ಕಿ ಪಹರೆ.

ಇನ್ನು ಈ ಗ್ರೀಕರು ಎಲ್ಲಿಂದ ಬಂದರು? ಇಸ್ತಾಂಬುಲ್‌ನಲ್ಲಿ ಗೋಲ್ಡನ್ ಹಾರ್ನ್ ಎಂಬ ಕೊಲ್ಲಿಯ ದಂಡೆಯ ಮೇಲೆ ಫನಾರ್ ಅಂತ ಒಂದು ಕೇರಿ ಇದೆ. ಆರ್ಥೊಡಾಕ್ಸ್ ಕ್ರೈಸ್ತರ ಮಹಾಗುರುಗಳ ಪೀಠ ಸುಮಾರು 1600ರಿಂದ ಅಲ್ಲೇ. ಪೀಠದ ಸುತ್ತ ಶ್ರೀಮಂತ ಗ್ರೀಕ್ ಮನೆಗಳು ಬೆಳೆದವು. ಕೆಲವರು ಅರಮನೆಗೆ ಮಾಂಸ ಸರಬರಾಜು ಮಾಡಿ ದುಡ್ಡು ಕಂಡವರು, ಕೆಲವರು ತುಪ್ಪಳದ ವ್ಯಾಪಾರಿಗಳು. ಆ ಮನೆಗಳ ಮಕ್ಕಳು ಓದಲು ಇಟಲಿಗೆ ಹೋಗುತ್ತಿದ್ದರು. ವೈದ್ಯ ಕಲಿಯುತ್ತಿದ್ದರು. ಜೊತೆಗೆ ಲ್ಯಾಟಿನ್, ಇಟಾಲಿಯನ್, ಫ್ರೆಂಚ್. ಮನೆಗೆ ಬಂದರೆ ತುರ್ಕಿ, ಅರಬ್ಬಿ, ಪಾರ್ಸಿ.

ಈ ಭಾಷೆಗಳೇ ಅವರ ಬಂಡವಾಳ. ಒಟ್ಟೊಮನ್ ಅಧಿಕಾರಿಗಳಿಗೆ ಯೂರೋಪಿನ ಭಾಷೆ ಕಲಿಯುವ ಉಮೇದು ಇರಲಿಲ್ಲ. ಕಾಲ ಹೇಗಿತ್ತೆಂದರೆ, ಯುದ್ಧದಲ್ಲಿ ಗೆಲ್ಲುವುದು ಕಡಿಮೆಯಾಗಿ ಮಾತುಕತೆಯಲ್ಲಿ ಉಳಿಸಿಕೊಳ್ಳುವುದು ಜಾಸ್ತಿಯಾಗುತ್ತಿತ್ತು. ಹಾಗಾಗಿ ದುಭಾಷಿಗೆ ಬೆಲೆ ಬಂತು. 1673ರಲ್ಲಿ ಅಲೆಕ್ಸಾಂಡರ್ ಮಾವ್ರೊಕೊರ್ದಾತೊಸ್ ಎಂಬಾತ ಸಾಮ್ರಾಜ್ಯದ ಮುಖ್ಯ ದುಭಾಷಿಯಾದ. ಈತ ವೈದ್ಯ. ದೇಹದಲ್ಲಿ ರಕ್ತ ಹರಿಯುವ ಬಗೆಯ ಮೇಲೆ ಇಟಲಿಯಲ್ಲಿ ಪ್ರಬಂಧ ಬರೆದಿದ್ದವನು. ಯೂರೋಪಿನ ರಾಜ್ಯಗಳ ಜೊತೆ ಆದ 1699ರ ಕಾರ್ಲೊವಿಟ್ಸ್ ಶಾಂತಿ ಒಪ್ಪಂದದಲ್ಲಿ ಸುಲ್ತಾನನ ಪರವಾಗಿ ಕೂತು ಮಾತಾಡಿದವರಲ್ಲಿ ಒಬ್ಬ. ‘ಗುಟ್ಟು ಕಾಯುವವನು’ ಎಂಬ ಬಿರುದು ಬೇರೆ. ಮುಖ್ಯ ದುಭಾಷಿಗೆ ಗಡ್ಡ ಬಿಡಬಹುದು, ಕುದುರೆ ಏರಬಹುದು, ತೆರಿಗೆ ಇಲ್ಲ. ಆ ಊರಿನ ಮಾಮೂಲಿ ಕ್ರೈಸ್ತನಿಗೆ ಇದೆಲ್ಲ ಕನಸು.

ಎರಡೂ ನಾಡು ಫನಾರ್ ಜನರ ಕೈಸೇರಲು ಎರಡು ದುರಂತ ನಡೆಯಬೇಕಾಯಿತು. ಮೊಲ್ಡಾವಿಯಾದ ಸ್ಥಳೀಯ ದೊರೆ ದಿಮಿತ್ರಿ ಕಾಂತೆಮಿರ್ 1711ರಲ್ಲಿ ರಷ್ಯಾದ ದೊರೆ ಪೀಟರ್ ಕಡೆ ಸೇರಿಕೊಂಡ. ಪ್ರೂತ್ ನದಿಯ ಹತ್ತಿರದ ಯುದ್ಧದಲ್ಲಿ ಪೀಟರ್ ಸೋತ, ಕಾಂತೆಮಿರ್ ರಷ್ಯಾಕ್ಕೆ ಓಡಿದ. ವಲಾಕಿಯಾದ ದೊರೆ ಕಾನ್‌ಸ್ಟಂಟೈನ್ ಬ್ರಿಂಕೊವ್ಯಾನು 1688ರಿಂದ ಆಳುತ್ತಿದ್ದವನು. ಅವನ ಸಂಪತ್ತು ನೋಡಿ ತುರ್ಕರು ಅವನನ್ನು ‘ಚಿನ್ನದ ದೊರೆ’ ಎನ್ನುತ್ತಿದ್ದರು. ಅವನ ಮೇಲೂ ಅನುಮಾನ ಬಂತು. 1714ರ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಅವನ ನಾಲ್ಕು ಗಂಡುಮಕ್ಕಳ ಜೊತೆಗೇ ಅವನ ತಲೆ ಕಡಿದರು. ರೊಮೇನಿಯಾದ ಚರ್ಚು 1992ರಲ್ಲಿ ಅಪ್ಪ ಮಕ್ಕಳನ್ನು ಸಂತರೆಂದು ಘೋಷಿಸಿತು.

ಇನ್ನು ಊರಿನವರನ್ನು ನಂಬಲಾಗದು ಎಂದು ಸುಲ್ತಾನನ ಸರ್ಕಾರ ತೀರ್ಮಾನಿಸಿತು. ಕಣ್ಣೆದುರಿಗೇ ಬೆಳೆದ, ನೆಂಟರಿಷ್ಟರೆಲ್ಲ ಇಸ್ತಾಂಬುಲ್‌ನಲ್ಲೇ ಇರುವ ಫನಾರ್ ಜನರೇ ವಾಸಿ. ತಪ್ಪು ಮಾಡಿದರೆ ಹಿಡಿಯೋದು ಸುಲಭ, ಅಲ್ವಾ? ದುಭಾಷಿಯ ಮಗ ನಿಕೋಲಸ್ ಮಾವ್ರೊಕೊರ್ದಾತೊಸ್ 1711ರಲ್ಲಿ ಮೊಲ್ಡಾವಿಯಾಕ್ಕೆ ಹೋದ. ಐದು ವರ್ಷ ಕಳೆಯುವುದರೊಳಗೆ ವಲಾಕಿಯಾವೂ ಅವನದಾಯಿತು. ಅಲ್ಲಿಂದ 1821ರವರೆಗಿನ ಕಾಲಕ್ಕೆ ಫನಾರಿಯೋಟ್ ಯುಗ ಅಂತ ಹೆಸರು. ಎಲ್ಲರೂ ಅಪ್ಪಟ ಗ್ರೀಕರೇ ಎಂದುಕೊಳ್ಳಬೇಡಿ. ಗಿಕಾ ಮನೆತನದ ಮೂಲ ಅಲ್ಬೇನಿಯಾ, ರಾಕೊವಿಟ್ಸಾಗಳು ಮೊಲ್ಡಾವಿಯಾದವರೇ. ಮನೆಮಾತು, ಓದು, ಚರ್ಚು ಗ್ರೀಕ್ ಆಗಿದ್ದರೆ ಸಾಕಿತ್ತು.

ಈಗ ನೀವು ಕೇಳಿದ ಬದುಕಿನ ವಿಷಯ. ನಾನು ಇದನ್ನು ಲೆಕ್ಕದ ಪುಸ್ತಕದಿಂದ ಶುರು ಮಾಡುತ್ತೇನೆ. ಪಟ್ಟಾಭಿಷೇಕದಿಂದ ಶುರು ಮಾಡಿದರೆ ದಾರಿ ತಪ್ಪುತ್ತೇವೆ.

ಗಾದಿ ಬೇಕೆಂದವನು ಮೊದಲು ಸಾಹುಕಾರರ ಮನೆಗೆ ಹೋಗುತ್ತಿದ್ದ. ವಜೀರನಿಗೆ ಕಾಣಿಕೆ, ಅವನ ಕಾರಕೂನರಿಗೆ ಕಾಣಿಕೆ, ಅರಮನೆಯ ಒಳಗಿನವರಿಗೆ ಕಾಣಿಕೆ. ಬಡ್ಡಿ ಅವತ್ತಿನಿಂದಲೇ ಓಡತೊಡಗುತ್ತದೆ. ಎಲ್ಲ ಕುದುರಿದ ಮೇಲೆ ಸಂಭ್ರಮ. ಸುಲ್ತಾನನ ಕಡೆಯಿಂದ ಕಫ್ತಾನ್ ಎಂಬ ನಿಲುವಂಗಿ, ಗರಿ ಸಿಕ್ಕಿಸಿದ ‘ಕುಕಾ’ ಎಂಬ ಎತ್ತರದ ಟೋಪಿ, ಎರಡು ಕುದುರೆ ಬಾಲದ ಲಾಂಛನ. ಎರಡು ಬಾಲ ಅಂದರೆ ಆ ದರ್ಜೆಯ ಪಾಷಾನಿಗೆ, ಅಂದರೆ ಸುಲ್ತಾನನ ದೊಡ್ಡ ಅಧಿಕಾರಿಗೆ, ಸಮ. ಆಮೇಲೆ ಫನಾರ್‌ನ ಚರ್ಚಿನಲ್ಲಿ ಮಹಾಗುರುಗಳಿಂದ ಆಶೀರ್ವಾದ. ಒಂದೇ ದಿನ ಅವನು ಮುಸ್ಲಿಂ ಸಾಮ್ರಾಜ್ಯದ ಪಾಷಾ ಕೂಡ, ಕ್ರೈಸ್ತ ಅರಸ ಕೂಡ. ದೊಡ್ಡ ಮೆರವಣಿಗೆ ಹೊರಟು ವಾರಗಟ್ಟಲೆ ಪ್ರಯಾಣ ಮಾಡಿ ಬುಖಾರೆಸ್ಟ್ ಅಥವಾ ಯಾಶಿ ಸೇರುತ್ತಿತ್ತು. ಹಿಂದೆ ನೆಂಟರು, ಕಾರ್ಯದರ್ಶಿಗಳು, ಸಾಲ ಕೊಟ್ಟವರ ಕಡೆಯವರು.

ಖರ್ಚು ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಪ್ರತಿ ವರ್ಷ ಗಾದಿ ನವೀಕರಣಕ್ಕೆ ಒಂದು ಚಿಕ್ಕ ಶುಲ್ಕ. ಮೂರು ವರ್ಷಕ್ಕೊಮ್ಮೆ ದೊಡ್ಡದು. ಹಬ್ಬಕ್ಕೆ ಬೇರೆ ಕಾಣಿಕೆ, ಹೊಸ ಸುಲ್ತಾನ ಬಂದರೆ ಬೇರೆ ಕಾಣಿಕೆ. ಇಸ್ತಾಂಬುಲ್‌ನಲ್ಲಿ ದೊರೆಯ ವಕೀಲನೊಬ್ಬ ಯಾವಾಗಲೂ ಇರಬೇಕಿತ್ತು. ವಕೀಲ ಅಂದರೆ ಕೋರ್ಟಿನ ಕರಿ ಕೋಟಿನವನಲ್ಲ. ಪೇಶ್ವೆ ದರ್ಬಾರಿನಲ್ಲಿ ಬೇರೆ ರಾಜರ ವಕೀಲರು ಇರುತ್ತಿದ್ದರಲ್ಲ, ಆ ಅರ್ಥ. ಅವನ ಮುಖ್ಯ ಕೆಲಸ ಮೂಗು ಚುರುಕಾಗಿ ಇಟ್ಟುಕೊಳ್ಳುವುದು. ಯಾರು ಎಷ್ಟು ಜಾಸ್ತಿ ಕೂಗುತ್ತಿದ್ದಾರೆ ಅನ್ನುವ ಸುದ್ದಿ ಒಂದು ವಾರ ತಡವಾದರೂ ಗಾದಿ ಹೋಯಿತು ಅಂತಲೇ ಲೆಕ್ಕ.

ಅರಮನೆಯ ಒಳಗಿನ ಬದುಕು ಅರ್ಧ ಇಸ್ತಾಂಬುಲ್, ಅರ್ಧ ಬೈಜಾಂಟಿಯಮ್, ಅಂದರೆ ತುರ್ಕರಿಗಿಂತ ಮೊದಲಿದ್ದ ಗ್ರೀಕ್ ಕ್ರೈಸ್ತ ಸಾಮ್ರಾಜ್ಯ. ಉದ್ದನೆಯ ರೇಷ್ಮೆ ಅಂಗಿ, ಮೇಲೆ ತುಪ್ಪಳ. ದಿವಾನ ಎಂಬ ತಗ್ಗು ಆಸನದ ಮೇಲೆ ಕಾಲು ಮಡಚಿ ಕೂರುವುದು. ಉದ್ದ ಕೊಳವೆಯ ಚಿಲುಮೆ, ಕಾಫಿ, ಶರಬತ್ತು, ಹಣ್ಣಿನ ಮುರಬ್ಬ. ಅಂಗಳದಲ್ಲಿ ತುರ್ಕಿ ವಾದ್ಯದವರು. ದೊರೆ ದರ್ಬಾರಿನಲ್ಲಿ ಕೂತು ನ್ಯಾಯ ಹೇಳಬೇಕು. ಸುತ್ತ ಬೊಯಾರರು, ಅಂದರೆ ನಾಡಿನ ದೊಡ್ಡ ಜಮೀನ್ದಾರರು, ಅವರವರ ಹುದ್ದೆಗೆ ತಕ್ಕ ಟೋಪಿ ಹಾಕಿ ನಿಲ್ಲುತ್ತಿದ್ದರು. ಟೋಪಿ ದೊಡ್ಡದಾದಷ್ಟೂ ಮನುಷ್ಯ ದೊಡ್ಡವನು. ದೊರೆಗೆ ಸ್ವಂತ ಸೈನ್ಯ ಅನ್ನುವಂಥದ್ದು ಇರಲಿಲ್ಲ, ಅಲ್ಬೇನಿಯಾದ ಕಾವಲಿನವರ ಒಂದು ಸಣ್ಣ ಪಡೆ ಅಷ್ಟೇ. ಆದರೆ ಇನ್ನೊಂದು ಕೆಲಸ ಕಡ್ಡಾಯ: ಸುದ್ದಿ. ವಿಯೆನ್ನಾ, ವೆನಿಸ್ ಕಡೆಯಿಂದ ಪತ್ರಿಕೆ ತರಿಸಿ, ಗುಟ್ಟಿನ ಪತ್ರ ತರಿಸಿ, ಸಾರ ತೆಗೆದು ಇಸ್ತಾಂಬುಲ್‌ಗೆ ಕಳಿಸಬೇಕು. ಸುಲ್ತಾನನಿಗೆ ಯೂರೋಪ್ ಕಾಣುತ್ತಿದ್ದದ್ದು ಬಹುಮಟ್ಟಿಗೆ ಈ ಕಿಟಕಿಯಿಂದಲೇ.

ಒಬ್ಬನನ್ನು ಹತ್ತಿರದಿಂದ ನೋಡೋಣ. ನಿಕೋಲಸ್‌ನ ಮಗ, ಆ ಹಳೆಯ ದುಭಾಷಿಯ ಮೊಮ್ಮಗ, ಕಾನ್‌ಸ್ಟಂಟೈನ್ ಮಾವ್ರೊಕೊರ್ದಾತೊಸ್. ಹುಟ್ಟಿದ್ದು 1711ರಲ್ಲಿ. ವಲಾಕಿಯಾದಲ್ಲಿ ಆರು ಸಲ, ಮೊಲ್ಡಾವಿಯಾದಲ್ಲಿ ನಾಲ್ಕು ಸಲ ದೊರೆಯಾದ.

1730ರಲ್ಲಿ ಅಪ್ಪ ಬುಖಾರೆಸ್ಟ್‌ನಲ್ಲಿ ಪ್ಲೇಗಿನಿಂದ ಸತ್ತ. ಬೊಯಾರರು ಹತ್ತೊಂಬತ್ತರ ಹುಡುಗ ಕಾನ್‌ಸ್ಟಂಟೈನ್‌ನನ್ನೇ ಆರಿಸಿದರು. ಅದೇ ತಿಂಗಳು ಇಸ್ತಾಂಬುಲ್‌ನಲ್ಲಿ ದಂಗೆ ಎದ್ದಿತು. ಸುಲ್ತಾನ ಮೂರನೇ ಅಹ್ಮದ್ ಸಿಂಹಾಸನ ಬಿಟ್ಟ, ವಜೀರ ಸತ್ತ. ಹುಡುಗ ತನ್ನವರೆಂದು ನಂಬಿಕೊಂಡಿದ್ದವರೆಲ್ಲ ಹೋದರು. ಗಾದಿಯೂ ಹೋಯಿತು. ಮೊದಲ ಆಳ್ವಿಕೆ ಸುಮಾರು ಒಂದು ತಿಂಗಳು! ಮರುವರ್ಷ ದುಡ್ಡು ಸುರಿದು ವಾಪಸ್ ಪಡೆದ.

ಆಗ ಮೊಲ್ಡಾವಿಯಾದಲ್ಲಿ ದೊರೆಯಾಗಿದ್ದವನು ಅವನ ಸೋದರತ್ತೆಯ ಮಗ ಎರಡನೇ ಗ್ರಿಗೋರೆ ಗಿಕಾ. 1733ರಲ್ಲಿ ಸುಲ್ತಾನನ ಸರ್ಕಾರ ಇಬ್ಬರನ್ನೂ ಅದಲುಬದಲು ಮಾಡಿತು. ಇವನು ಯಾಶಿಗೆ, ಅವನು ಬುಖಾರೆಸ್ಟ್‌ಗೆ. 1735ರಲ್ಲಿ ಮತ್ತೆ ಅದಲುಬದಲು. 1748ರಲ್ಲಿ ಇನ್ನೊಂದು ಸಲ. ನಮ್ಮಲ್ಲಿ ತಹಸೀಲ್ದಾರರ ವರ್ಗಾವಣೆ ನೋಡಿದವರಿಗೆ ಇದರ ಗುಟ್ಟು ಬೇಗ ಹೊಳೆಯುತ್ತದೆ. ಪ್ರತಿ ವರ್ಗಾವಣೆಯಲ್ಲೂ ಎರಡು ಕಡೆಯಿಂದ ಕಾಣಿಕೆ. ಒಟ್ಟಾರೆ ಈ 110 ವರ್ಷಗಳಲ್ಲಿ ಒಬ್ಬ ದೊರೆ ಒಂದು ಸಲ ಕೂತರೆ ಸರಾಸರಿ ಮೂರು ವರ್ಷ ದಾಟಿದರೆ ಹೆಚ್ಚು.

ಇಂಥ ಕುರ್ಚಿಯ ಮೇಲೆ ಕೂತು ಕಾನ್‌ಸ್ಟಂಟೈನ್ ಮಾಡಿದ್ದು ಅಚ್ಚರಿ ಹುಟ್ಟಿಸುತ್ತದೆ. 1740ರ ದಶಕದಲ್ಲಿ ಚಿಲ್ಲರೆ ಚಿಲ್ಲರೆಯಾಗಿ ಕೀಳುತ್ತಿದ್ದ ಹತ್ತಾರು ತೆರಿಗೆಗಳ ಬದಲು ಒಂದೇ ಮೊತ್ತ, ವರ್ಷಕ್ಕೆ ನಾಲ್ಕು ಕಂತು ಎಂದು ಗೊತ್ತುಮಾಡಿದ. ಜಿಲ್ಲೆಗಳಿಗೆ ಸಂಬಳದ ಅಧಿಕಾರಿಗಳನ್ನು ಹಾಕಿದ. ಅಲ್ಲಿಯವರೆಗೆ ಅಧಿಕಾರಿ ಜನರಿಂದ ಕಿತ್ತು ತಿನ್ನುವುದೇ ಸಂಬಳ. ಚರ್ಚಿನಲ್ಲಿ ಜನರ ಭಾಷೆ ರೊಮೇನಿಯನ್ ಬಳಸಲು ಒತ್ತಾಯಿಸಿದ. ಗ್ರೀಕನೊಬ್ಬ ಹೀಗೆ ಮಾಡಿದ ಅನ್ನುವುದು ಗಮನಿಸಬೇಕಾದ್ದು. ಓದು ಬರಹ ಬಾರದ ಪಾದ್ರಿಗಳು ರೈತರ ಹಾಗೆ ತೆರಿಗೆ ಕಟ್ಟಲಿ ಎಂದ. ಎಷ್ಟು ಮಂದಿ ಪಾದ್ರಿಗಳು ರಾತ್ರಿ ದೀಪ ಹಚ್ಚಿ ಅಕ್ಷರ ತಿದ್ದಿರಬಹುದು ಅಂತ ನೆನೆದು ನನಗೆ ನಗು ಬರುತ್ತದೆ. ಅವನ ಸುಧಾರಣೆಯ ಪಠ್ಯ 1742ರಲ್ಲಿ ಪ್ಯಾರಿಸ್ಸಿನ ‘ಮರ್ಕ್ಯೂರ್ ದ ಫ್ರಾನ್ಸ್’ ಪತ್ರಿಕೆಯಲ್ಲಿ ‘ಸಂವಿಧಾನ’ ಎಂಬ ಹೆಸರಿನಲ್ಲೇ ಅಚ್ಚಾಯಿತು.

ದೊಡ್ಡ ಕೆಲಸ 1746ರ ಆಗಸ್ಟ್‌ನಲ್ಲಿ ನಡೆಯಿತು. ವಲಾಕಿಯಾದಲ್ಲಿ ಜಮೀನಿಗೆ ಕಟ್ಟಿಹಾಕಿದ್ದ ರೈತರ ಜೀತ ರದ್ದಾಯಿತು. ಕ್ರೈಸ್ತನೊಬ್ಬ ಕ್ರೈಸ್ತನನ್ನು ಜೀತಕ್ಕಿಡುವುದು ಪಾಪ ಅನ್ನುವ ಮಾತಿಗೆ ಬೊಯಾರರೂ ಧರ್ಮಗುರುಗಳೂ ಸಹಿ ಹಾಕಬೇಕಾಯಿತು. ಒಡೆಯ ತಾನಾಗಿ ಬಿಡದಿದ್ದರೆ ರೈತ 10 ತಾಲೆರ್ ನಾಣ್ಯ ಕೊಟ್ಟು ಬಿಡುಗಡೆ ಪಡೆಯಬಹುದು. ಒಡೆಯನ ಒಪ್ಪಿಗೆ ಬೇಕಿಲ್ಲ. 1749ರಲ್ಲಿ ಮೊಲ್ಡಾವಿಯಾದಲ್ಲೂ ಜೀತ ಹೋಯಿತು. ಫ್ರಾನ್ಸ್‌ನ ಕ್ರಾಂತಿಗೆ ಆಗ ಇನ್ನೂ ನಲವತ್ತು ವರ್ಷ ಇತ್ತು.

ಕರುಣೆಯಿಂದ ಮಾಡಿದನೇ? ಸ್ವಲ್ಪ ಇದ್ದಿರಬಹುದು, ಓದಿದ ಮನುಷ್ಯ. ಆದರೆ ನನ್ನ ಕಣ್ಣು ಮತ್ತೆ ಲೆಕ್ಕದ ಪುಸ್ತಕದ ಮೇಲೇ ಬೀಳುತ್ತದೆ. ತೆರಿಗೆ ತಡೆಯಲಾರದೆ ರೈತರು ಗಂಟುಮೂಟೆ ಕಟ್ಟಿ ಡ್ಯಾನ್ಯೂಬ್ ದಾಟುತ್ತಿದ್ದರು, ಬೆಟ್ಟ ಹತ್ತಿ ಟ್ರಾನ್ಸಿಲ್ವೇನಿಯಾಕ್ಕೆ ಓಡುತ್ತಿದ್ದರು. ಊರಿಗೆ ಊರೇ ಖಾಲಿ. ಜೀತದಾಳು ದುಡಿದರೆ ಲಾಭ ಬೊಯಾರನಿಗೆ, ಸ್ವತಂತ್ರ ರೈತ ದುಡಿದರೆ ಕಂದಾಯ ಖಜಾನೆಗೆ. ಓಡಿಹೋದವರು ವಾಪಸ್ ಬಂದರೆ ಸ್ವತಂತ್ರರು ಅಂತ ಅವನು ಮೊದಲೇ ಸಾರಿದ್ದ. ಸಾಲಗಾರನಾದ ದೊರೆಗೆ ತೆರಿಗೆ ಕಟ್ಟುವ ತಲೆ ಬೇಕಿತ್ತು.

ಬಿಡುಗಡೆಯಲ್ಲೂ ಕೊರತೆ ಇತ್ತು. ಮನುಷ್ಯ ಬಿಡುಗಡೆಯಾದ, ಭೂಮಿ ಬೊಯಾರನ ಹೆಸರಿನಲ್ಲೇ ಉಳಿಯಿತು. ಉಳುವ ನೆಲಕ್ಕೆ ಬದಲಾಗಿ ವರ್ಷಕ್ಕೆ ಇಷ್ಟು ದಿನ ಬಿಟ್ಟಿ ಚಾಕರಿ ಮಾಡಬೇಕು ಅನ್ನುವುದೂ ಉಳಿಯಿತು. ರೋಮಾ ಜನ, ಅಂದರೆ ಜಿಪ್ಸಿಗಳು, ಗುಲಾಮರಾಗಿದ್ದರು, ಅವರನ್ನು ಯಾರೂ ಮುಟ್ಟಲಿಲ್ಲ. ಅವರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1850ರ ದಶಕದಲ್ಲಿ. ಕಂತಿನ ತೆರಿಗೆಯೂ ಕೆಟ್ಟಿತು. ನಾಲ್ಕು ಕಂತು ಅಂತ ಇದ್ದದ್ದು ಇಸ್ತಾಂಬುಲ್ ಬೇಡಿಕೆ ಏರಿದಾಗಲೆಲ್ಲ ಇನ್ನಷ್ಟು ಕಂತಾಯಿತು. ‘ರಾಮ ಆಳಿದರೇನು, ರಾವಣ ಆಳಿದರೇನು, ರಾಗಿ ಬೀಸೋದು ತಪ್ಪಲ್ಲ’ ಅನ್ನುತ್ತೇವಲ್ಲ. ರೊಮೇನಿಯನ್ನರಲ್ಲೂ ಅದಕ್ಕೆ ಹತ್ತಿರದ ಗಾದೆ ಇದೆ: ದೊರೆ ಬದಲಾದರೆ ಹುಚ್ಚರಿಗೆ ಖುಷಿ.

1769ರಲ್ಲಿ ರಷ್ಯಾ ಮತ್ತು ತುರ್ಕಿ ನಡುವೆ ಯುದ್ಧ ನಡೆಯುತ್ತಿದ್ದಾಗ ಕಾನ್‌ಸ್ಟಂಟೈನ್‌ಗೆ ಹತ್ತನೇ ಸಲ ಗಾದಿ ಸಿಕ್ಕಿತು, ಮೊಲ್ಡಾವಿಯಾದ್ದು. ಆ ಹೊತ್ತಿನಲ್ಲಿ ಅದು ಯಾರಿಗೂ ಬೇಡದ ಕುರ್ಚಿ. ಗಲಾಟ್ಸ್ ಪಟ್ಟಣದಲ್ಲಿ ಗಾಯಗೊಂಡು ರಷ್ಯನ್ನರ ಕೈಗೆ ಸಿಕ್ಕಿದ. ಆ ವರ್ಷದ ಕೊನೆಯಲ್ಲಿ ಯಾಶಿಯಲ್ಲಿ ಸೆರೆಯಾಳಾಗಿಯೇ ತೀರಿಕೊಂಡ.

ಉಳಿದವರ ಕಥೆ ಇದಕ್ಕಿಂತ ಕೆಟ್ಟದ್ದು. 1775ರಲ್ಲಿ ಮೊಲ್ಡಾವಿಯಾದ ಬುಕೊವಿನಾ ಸೀಮೆಯನ್ನು ಆಸ್ಟ್ರಿಯಾಕ್ಕೆ ಬಿಟ್ಟುಕೊಟ್ಟಿದ್ದನ್ನು ವಿರೋಧಿಸಿದ ಮೂರನೇ ಗ್ರಿಗೋರೆ ಗಿಕಾನನ್ನು 1777ರಲ್ಲಿ ಯಾಶಿಯಲ್ಲಿ ಉಪಾಯದಿಂದ ಕರೆಸಿ ಕೊಂದರು. ಸುಲ್ತಾನನ ದೂತ ಕಾಯಿಲೆಯ ನೆಪ ಹೇಳಿದ್ದ, ಇವನು ವಿಚಾರಿಸಿಕೊಳ್ಳಲು ಹೋದ. 1799ರಲ್ಲಿ ಕಾನ್‌ಸ್ಟಂಟೈನ್ ಹಾಂಜೆರ್ಲಿಯನ್ನು ಬುಖಾರೆಸ್ಟ್‌ನ ಅವನ ಅರಮನೆಯಲ್ಲೇ ಮುಗಿಸಿದರು. ನಿಕೋಲಸ್ ಮಾವ್ರೊಯೆನಿಸ್ ಅನ್ನುವವನು 1786ರಿಂದ 1790ರವರೆಗೆ ವಲಾಕಿಯಾ ಆಳಿದ. ಜಿಂಕೆ ಕಟ್ಟಿದ ಗಾಡಿಯಲ್ಲಿ ಬುಖಾರೆಸ್ಟ್ ಬೀದಿ ಸುತ್ತುತ್ತಿದ್ದ ಎಂದು ಪ್ರಸಿದ್ಧ. ಯುದ್ಧ ಸೋತ ಮೇಲೆ ಅವನ ತಲೆಯೂ ಹೋಯಿತು. ಟಿಪ್ಪು ಸುಲ್ತಾನ ಕಳಿಸಿದ ನಿಯೋಗ 1787ರಲ್ಲಿ ಇಸ್ತಾಂಬುಲ್‌ನಲ್ಲಿ ಸಹಾಯ ಕೇಳುತ್ತ ಕೂತಿತ್ತಲ್ಲ, ಆಗ ಡ್ಯಾನ್ಯೂಬ್ ಆಚೆ ದೊರೆಯಾಗಿದ್ದವನು ಇವನೇ. ಶ್ರೀರಂಗಪಟ್ಟಣದವರಿಗೆ ಸಹಾಯ ಸಿಗದಿರಲು ಒಂದು ಕಾರಣ ರಷ್ಯಾದ ಜೊತೆ ಹೊತ್ತಿಕೊಳ್ಳುತ್ತಿದ್ದ ಆ ಯುದ್ಧವೇ.

ಇನ್ನು ಗೈಡ್ ಮುಖ ಕಿವುಚಿದ್ದು. 1821ರಲ್ಲಿ ಫನಾರ್ ಮನೆತನದವನೇ ಆದ ಅಲೆಕ್ಸಾಂಡರ್ ಇಪ್ಸಿಲಾಂತಿಸ್ ರಷ್ಯಾ ಕಡೆಯಿಂದ ಪ್ರೂತ್ ನದಿ ದಾಟಿ ಬಂದು ಗ್ರೀಕ್ ದಂಗೆ ಎಬ್ಬಿಸಿದ. ಸುಲ್ತಾನನ ನಂಬಿಕೆ ಅಲ್ಲಿಗೆ ಮುರಿಯಿತು. 1822ರಿಂದ ಗಾದಿ ಮತ್ತೆ ಊರಿನವರಿಗೆ. ಮುಂದೆ ರೊಮೇನಿಯಾ ಒಂದು ದೇಶವಾಗಿ ಎದ್ದು ನಿಂತಾಗ ಹಳೆಯ ಕೊಳೆಯನ್ನೆಲ್ಲ ಫನಾರ್ ಮೇಲೆ ಹಾಕಿತು. ಲಂಚ, ಒಳಸಂಚು, ಬೆನ್ನು ಬಾಗಿಸುವ ಸ್ವಭಾವ, ಎಲ್ಲ ಅವರಿಂದಲೇ ಬಂತು ಅಂತ. ಈ ಬೈಗುಳದಲ್ಲಿ ಅರ್ಧ ನ್ಯಾಯ ಇದೆ. ಕಿತ್ತಿದ್ದು ಸುಳ್ಳಲ್ಲ. ಆದರೆ ಕಿತ್ತ ದುಡ್ಡಿನ ದೊಡ್ಡ ಪಾಲು ಇಸ್ತಾಂಬುಲ್‌ಗೆ ಹೋಯಿತು. ಬೊಯಾರರೂ ಜೊತೆಗೆ ಕೂತು ಉಂಡರು. ಬುಖಾರೆಸ್ಟ್, ಯಾಶಿಗಳ ಗ್ರೀಕ್ ವಿದ್ಯಾಶಾಲೆಗಳಿಗೆ ಆಸರೆಯಾದವರೂ ಈ ದೊರೆಗಳೇ.

ಆ ಕಾಲದ ತುರ್ಕಿ ಪದಗಳು ರೊಮೇನಿಯನ್‌ನಲ್ಲಿ ಇನ್ನೂ ಇವೆ. ನಿಮ್ಮ ಗೈಡ್ ಕೊನೆಗೆ ಕೇಳಿರಬಹುದಾದ ‘ಬಕ್ಷೀಷ್’ ನಮ್ಮ ಬಕ್ಷೀಸೇ. ‘ವೆಕಿಲ್’ ನಮ್ಮ ವಕೀಲ, ಅಲ್ಲಿ ಜಮೀನು ನೋಡಿಕೊಳ್ಳುವವನು. ‘ಹಜ್ನಾ’ ನಮ್ಮ ಖಜಾನೆ. ಈಗ ಆ ಭಾಷೆಯಲ್ಲಿ ಅದಕ್ಕೆ ಕಕ್ಕಸು ಗುಂಡಿ ಅನ್ನುವ ಅರ್ಥ ಬಂದಿದೆ. ಆ ಕಾಲದ ಖಜಾನೆ ಬಗ್ಗೆ ಜನ ಏನಂದುಕೊಂಡಿದ್ದರೋ!

ಹಾಗಾದರೆ ಈ ಲೆಕ್ಕದಲ್ಲಿ ಗೆದ್ದವರೇ ಇಲ್ಲವೇ ಎಂದು ಕೇಳಬಹುದು. ಒಬ್ಬನಿದ್ದಾನೆ. ಇಯೊನ್ ಕರಾಜಾ, 1812ರಲ್ಲಿ ವಲಾಕಿಯಾಕ್ಕೆ ಬಂದ. ಬಂದ ತಿಂಗಳಲ್ಲೇ ಅರಮನೆ ಸುಟ್ಟುಹೋಯಿತು. ಮರುವರ್ಷ ಬುಖಾರೆಸ್ಟ್‌ನಲ್ಲಿ ಭಯಂಕರ ಪ್ಲೇಗು. ಅದಕ್ಕೆ ಇವತ್ತಿಗೂ ‘ಕರಾಜಾನ ಪ್ಲೇಗು’ ಎಂದೇ ಹೆಸರು. 1818ರಲ್ಲಿ ತನ್ನ ಹೆಸರಿನ ಕಾನೂನು ಸಂಹಿತೆ ಹೊರಡಿಸಿದ. ಅವಧಿ ಮುಗಿಯಲು ಸ್ವಲ್ಪವೇ ಉಳಿದಿತ್ತು. ಇಸ್ತಾಂಬುಲ್‌ಗೆ ವಾಪಸ್ ಹೋದರೆ ಏನು ಕಾದಿದೆ ಅಂತ ಅವನಿಗೆ ಗೊತ್ತಿತ್ತು. ಆ ಶರತ್ಕಾಲದಲ್ಲಿ ಒಂದು ದಿನ ಮನೆಯವರು, ಆಪ್ತರು, ಕೂಡಿಟ್ಟ ದುಡ್ಡು ಎಲ್ಲ ಗಾಡಿಗೇರಿಸಿ ಬೆಟ್ಟ ದಾಟಿ ಟ್ರಾನ್ಸಿಲ್ವೇನಿಯಾದ ಬ್ರಶೋವ್ ಸೇರಿದ. ಅಲ್ಲಿಂದ ಇಟಲಿಯ ಪೀಸಾಕ್ಕೆ. ಜೊತೆಗೆ ಹೋದವರಲ್ಲಿ ಇನ್ನೊಬ್ಬ ಅಲೆಕ್ಸಾಂಡರ್ ಮಾವ್ರೊಕೊರ್ದಾತೊಸ್ ಇದ್ದ, ಅದೇ ದುಭಾಷಿಯ ವಂಶದ ಹುಡುಗ. ಪೀಸಾದಲ್ಲಿ ಅವನು ಇಂಗ್ಲಿಷ್ ಲೇಖಕಿ ಮೇರಿ ಶೆಲ್ಲಿಗೆ ಗ್ರೀಕ್ ಪಾಠ ಹೇಳಿದ. ಮುಂದೆ ಸ್ವತಂತ್ರ ಗ್ರೀಸ್‌ನ ಪ್ರಧಾನಿಯಾದ. ಕರಾಜಾ 1844ರಲ್ಲಿ ಅಥೆನ್ಸ್‌ನಲ್ಲಿ ತೀರಿಕೊಂಡ, ತೊಂಬತ್ತರ ಹತ್ತಿರದ ಮುದುಕನಾಗಿ.